ಅಪ್ಪ ಬಿಟ್ಟು ಓದಿದ ಆಲಿಕಲ್ಲು

ಬೆಳಿಗ್ಗೆ ತಗಡಿನ ಮೇಲೆ ನಾಲ್ಕು ಆಲಿಕಲ್ಲು ಬಿದ್ದ ಸದ್ದಿಗೆ ಅಪ್ಪನ ನೆನಪಾಯಿತು. ನೆಲ್ಯಹುದಿಕೇರಿಯ ಕಾಫಿ ಎಸ್ಟೇಟಿನಲ್ಲಿ ಅವರು ಲೆಕ್ಕ ಬರೆಯುವ ರೈಟರ್ ಆಗಿದ್ದರು. ಒಂದು ವರ್ಷ ಆಲಿಕಲ್ಲು ಮಳೆ ಕಾಫಿ ಹೂವನ್ನೆಲ್ಲ ಉದುರಿಸಿತು. ಮರುದಿನ ಪ್ರಾರ್ಥನೆಗೆ ಕೂತಾಗ, ಸೃಷ್ಟಿಯೆಲ್ಲ ದೇವರನ್ನು ಸ್ತುತಿಸಲಿ ಎಂದು ಒಂದೊಂದನ್ನೇ ಹೆಸರಿಸಿ ಕರೆಯುವ ಬೈಬಲಿನ ಕೀರ್ತನೆಯಲ್ಲಿ ಅಪ್ಪ ಬೆಂಕಿಯ ಹೆಸರು ಓದಿ ನೇರ ಹಿಮಕ್ಕೆ ಹಾರಿದರು.

"ನಡುವೆ ಆಲಿಕಲ್ಲು ಬಿಟ್ಟೆಯಲ್ಲ ಮಗಾ," ಎಂದರು ಅಜ್ಜಿ.

"ಅದು ಮಾಡಿದ್ದು ಸ್ತುತಿಯಾ ಅಮ್ಮಾ? ತೋಟಕ್ಕೆ ಹೋಗಿ ನೋಡು."

"ನೋಡಿಯೇ ಬಂದೆ. ಒಳ್ಳೇದು ಮಾಡಿದವರನ್ನು ಮಾತ್ರ ಕರೆಯೋದಾದರೆ ನಿನ್ನನ್ನೂ ಬಿಡಬೇಕಾಗ್ತದೆ. ಓದು."

ಅಪ್ಪ ಆಲಿಕಲ್ಲನ್ನೂ ಸೇರಿಸಿ ಮತ್ತೆ ಓದಿದರು, ಸಣ್ಣ ದನಿಯಲ್ಲಿ.

ನನ್ನ ಕೂಸಿಗೆ ಮೂರು ದಿನದಿಂದ ಜ್ವರ. ಅಳು ನಿಂತಿಲ್ಲ, ನನಗೆ ನಿದ್ದೆಯಿಲ್ಲ. ಇವತ್ತು ಅದೇ ಕೀರ್ತನೆ ಓದುತ್ತಾ 'ಮಕ್ಕಳು' ಎಂಬಲ್ಲಿ ನಿಂತೆ. ಕೂಸು ಮತ್ತೆ ಕಿರುಚಿತು. ಆ ಪದವನ್ನೂ ಓದಿದೆ, ಅಪ್ಪನಷ್ಟೇ ಸಣ್ಣ ದನಿಯಲ್ಲಿ.