ಒಂದು ರಿಂಗ್ ಅಂದ್ರೆ ‘ಚೆನ್ನಾಗಿದ್ದೀನಿ’

ಆ ಭಾನುವಾರ ಒಂಬತ್ತೂವರೆ ಆಯಿತು. ಅಪ್ಪನ ರಿಂಗ್ ಬರಲಿಲ್ಲ.

ಒಂಬತ್ತು ನಲವತ್ತು… ಮುಕ್ಕಾಲು… ಸಿಗ್ನಲ್ ಇದೆ, ಚಾರ್ಜ್ ಇದೆ, ಸೈಲೆಂಟ್‌ನಲ್ಲೂ ಇಲ್ಲ. ಮೂರು ಸಲ ಫೋನ್ ತೆಗೆದು ನೋಡಿದೆ.

ಅಪ್ಪ ವಿಮಾನಪುರದ ಫ್ಯಾಕ್ಟರಿಯಲ್ಲಿ ಟೆಕ್ನಿಷಿಯನ್. ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿ, ಆರು ವಾರದ ಟ್ರೈನಿಂಗಿಗೆ ರಷ್ಯಾಕ್ಕೆ ಹೋಗಿದ್ದರು. ಜೊತೆಗೆ ಬಿ.ಪಿ. ಮಾತ್ರೆ, ಎರಡು ಡಬ್ಬ ಚಟ್ನಿಪುಡಿ ಮತ್ತು ಅವರ ಹಳೆಯ ಮೊಬೈಲ್.

ಹೊರಡುವ ಮುಂಚೆ ರೋಮಿಂಗ್ ಹಾಕಿಸಲು ನಾವಿಬ್ಬರೂ ಶಿವಾಜಿನಗರದ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಗೆ ಹೋಗಿದ್ದೆವು. ರಷ್ಯಾದಿಂದ ಫೋನ್ ಮಾಡಿದರೂ ದುಡ್ಡು, ಬಂದ ಫೋನ್ ಎತ್ತಿದರೂ ದುಡ್ಡು. ನಿಮಿಷದ ರೇಟ್ ಕೇಳಿದ ಅಪ್ಪ ಮೊಬೈಲನ್ನು ವಾಪಸ್ ಜೇಬಿಗೆ ಹಾಕಿಕೊಂಡುಬಿಟ್ಟರು.

ಅಂಗಡಿಯ ಭಾಯ್‌ಗೆ ನಗು. “ಎತ್ತಿದ್ರೆ ಮೀಟ್ರು ಸಾರ್, ಎತ್ಲಿಲ್ಲಾಂದ್ರೆ ಫ್ರೀ. ವಾಯ್ಸ್‌ಮೇಲ್ ಮಾತ್ರ ತೆಗೆಸ್ಬಿಡಿ. ಇಲ್ಲಾಂದ್ರೆ ನಿಮ್ ಬದ್ಲು ಅದು ಎತ್ಬಿಡ್ತದೆ.”

ರಷ್ಯಾದಲ್ಲೇ ಒಂದು ಸಿಮ್ ತಗೊಳ್ಳಿ ಅಂತಲೂ ಹೇಳಿದರು. ಬೋರ್ಡ್ ಓದಲು ಬರದ ಊರಿನಲ್ಲಿ ಸಿಮ್ ಕೊಳ್ಳುವ ಧೈರ್ಯ ಅಪ್ಪನಿಗೆ ಇರಲಿಲ್ಲ.

ಹಾಗಾಗಿ ಬಸ್ಸಿನಲ್ಲೇ ತೀರ್ಮಾನವಾಯಿತು. ದಿನಾ ಬೆಳಿಗ್ಗೆ ಅಲ್ಲಿಯ ಎಂಟಕ್ಕೆ, ಅಂದರೆ ನಮ್ಮ ಒಂಬತ್ತೂವರೆಗೆ, ಅಪ್ಪ ಒಂದು ರಿಂಗ್ ಕೊಟ್ಟು ಕಟ್ ಮಾಡುವುದು. ಚೆನ್ನಾಗಿದ್ದೀನಿ ಅಂತ ಅರ್ಥ. ಕಟ್ ಮಾಡದೆ ರಿಂಗ್ ಆಗುತ್ತಲೇ ಇದ್ದರೆ ಏನೋ ಆಗಿದೆ, ಎತ್ತು ಅಂತ. ಇವೆರಡೇ.

ನಮಗಿಬ್ಬರಿಗೂ ಇದು ಹೊಸದೇನಲ್ಲ.

ಇಂಗ್ಲಿಷ್ ಚೆನ್ನಾಗಿ ಬರಲಿ ಅಂತ ನನ್ನನ್ನು ಆರನೇ ಕ್ಲಾಸಿಗೇ ಹಾಸ್ಟೆಲ್‌ಗೆ ಹಾಕಿದ್ದರು. ಪ್ರತಿ ಸಲ ಬಿಟ್ಟು ಹೋದ ದಿನ ಅಪ್ಪ ಮನೆ ತಲುಪಿ, ವಾರ್ಡನ್ ರೂಮಿನ ಫೋನಿಗೆ ಒಂದು ರಿಂಗ್ ಕೊಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಅದಕ್ಕೇ ಕಾಯುತ್ತಿದ್ದೆ. ಮೊಟ್ಟಮೊದಲ ಸಲ ಮಾತ್ರ ಆ ರಿಂಗ್ ಎರಡು ಗಂಟೆ ತಡವಾಗಿ ಬಂದಿತ್ತು. ಆ ಎರಡು ಗಂಟೆ ನನಗೆ ಇವತ್ತಿಗೂ ನೆನಪಿದೆ.

ಹಾಸ್ಟೆಲ್‌ನಲ್ಲಿ ಭಾನುವಾರ ಮಾತ್ರ ಮಾತು, ಅದೂ ಮೂರು ನಿಮಿಷ. ಹಿಂದೆ ಕ್ಯೂ. ಊಟ ಆಯ್ತಾ, ಆಯ್ತು. ಓದ್ತಿದ್ದೀಯಾ, ಹೂಂ. ಇಡ್ಲಾ, ಹೂಂ.

ಈಗ ಕಾಲೇಜು ಇಂದಿರಾನಗರದಲ್ಲಿ, ವಾಸ ಮನೆಯಲ್ಲೇ. ಆದರೂ ಅಪ್ಪನೂ ನಾನೂ ಮೂರು ನಿಮಿಷದ ಮಾತು ಮುಗಿಸಿ ಟಿ.ವಿ. ಕಡೆ ತಿರುಗಿಬಿಡುತ್ತೇವೆ.

ಹತ್ತು ಗಂಟೆ. ಅಮ್ಮ ಕೊತ್ತಂಬರಿ ಬಿಡಿಸುತ್ತಾ, “ಸ್ನಾನಕ್ಕೆ ಹೋಗಿರ್ತಾರೆ ಬಿಡೆ. ನಿಮ್ಮಪ್ಪ ಇಲ್ಲೂ ಬಾತ್‌ರೂಮ್ ಬಿಟ್ಟು ಬರಲ್ಲ” ಅಂದರು. ಆದರೆ ಎಲೆ ಕಸದ ಬುಟ್ಟಿಗೆ, ದಂಟು ಪಾತ್ರೆಗೆ ಬೀಳುತ್ತಿತ್ತು.

ಇಪ್ಪತ್ತು ದಿನದಿಂದ ಒಂದು ನಿಮಿಷ ಹೆಚ್ಚುಕಮ್ಮಿ ಆಗಿರಲಿಲ್ಲ. ಫ್ಯಾಕ್ಟರಿ ಸೈರನ್‌ಗೆ ಒಗ್ಗಿದ ಮನುಷ್ಯ. ಬಿ.ಪಿ. ಬೇರೆ…

ನಾನೇ ಒಂದು ರಿಂಗ್ ಕೊಟ್ಟೆ. ಉತ್ತರ ಇಲ್ಲ. ಹತ್ತೂಕಾಲಿಗೆ ಮತ್ತೆ ಮಾಡಿದೆ, ಕಟ್ ಮಾಡಲಿಲ್ಲ.

ಎತ್ತಿದರು. ಓಡಿ ಬಂದ ಉಸಿರು. “ಏನಾಯ್ತು ಮರಿ? ಅಮ್ಮ ಎಲ್ಲಿ?”

“ನಿಮಗೇನಾಯ್ತಪ್ಪಾ? ಎಂಟಕ್ಕೆ ರಿಂಗ್ ಬರ್ಲೇ ಇಲ್ಲ.”

“ಇಲ್ಲಿ ಇನ್ನೂ ಏಳೂಮುಕ್ಕಾಲು ಕಣೆ” ಅಂದರು.

ಚಳಿಗಾಲ ಬಂತು ಅಂತ ಅಲ್ಲಿ ಇಡೀ ದೇಶದ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಂತೆ. ಹಿಂದಿನ ದಿನ ಗೆಸ್ಟ್‌ಹೌಸಿನ ಅಜ್ಜಿ ಸನ್ನೆಯಲ್ಲೇ ಹೇಳಿಕೊಟ್ಟರಂತೆ. ಅಪ್ಪನೂ ಶ್ರದ್ಧೆಯಿಂದ ತಮ್ಮ ವಾಚ್ ತಿರುಗಿಸಿಕೊಂಡಿದ್ದಾರೆ. ನಮ್ಮದು ತಿರುಗುವುದಿಲ್ಲ, ಅಲ್ಲಿಯ ಎಂಟು ಇನ್ನು ನಮ್ಮ ಹತ್ತೂವರೆ ಅನ್ನುವುದು ಹೊಳೆದೇ ಇಲ್ಲ.

ನಗು ಬಂತು, ಅಳುವೂ ಬಂತು. ಮೀಟರ್ ಓಡುತ್ತಿದೆ, ಇಡ್ತೀನಿ ಅಂದೆ.

“ಇರು” ಅಂದರು.

ನನ್ನ ಅಪ್ಪ ಫೋನಿನಲ್ಲಿ ಯಾವತ್ತೂ ‘ಇರು’ ಅಂದವರಲ್ಲ.

ಭಾನುವಾರ ಅಲ್ಲಿ ಟ್ರೈನಿಂಗ್ ಇರುವುದಿಲ್ಲವಂತೆ. ಜೊತೆಯವರು ಊರು ನೋಡಲು ಹೋಗುತ್ತಾರೆ, ಇವರು ರೂಮಿನಲ್ಲೇ. ಕಾರಿಡಾರಿನಲ್ಲಿ ಯಾರ ಫೋನ್ ರಿಂಗ್ ಆದರೂ ಎದ್ದು ಕೂರುತ್ತಾರಂತೆ. ಇಷ್ಟು ಹೇಳಿ ಕೇಳಿದರು, “ನೀನು ಏಳು ವರ್ಷ ಹೇಗಿದ್ದೆ ಮರಿ?”

ಚೆನ್ನಾಗಿದ್ದೆ ಅನ್ನಬಹುದಿತ್ತು. ಅನ್ನಲಿಲ್ಲ. ಮೆಟ್ಟಿಲಿನ ವಿಷಯ ಹೇಳಿದೆ. ಆ ಎರಡು ಗಂಟೆಯಲ್ಲಿ ನಿಮ್ಮ ಬಸ್ ಉರುಳಿ ಬಿದ್ದಿದೆ ಅಂತ ಅಂದುಕೊಂಡಿದ್ದನ್ನೂ ಹೇಳಿದೆ.

“ಬಸ್ ಹತ್ತಿರ್ಲೇ ಇಲ್ಲ ಕಣೆ. ಸ್ಟ್ಯಾಂಡಲ್ಲೇ ಕೂತಿದ್ದೆ. ವಾಪಸ್ ಬಂದು ನಿನ್ನ ಕರ್ಕೊಂಡು ಹೋಗೋದಾ ಬೇಡ್ವಾ ಅಂತ… ಎರಡು ಬಸ್ ಬಿಟ್ಟೆ.”

ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು, ಮಾತ್ರೆ ತಗೊಂಡ್ರಾ ಅಂತ ವಿಚಾರಿಸಿ ಇಟ್ಟುಬಿಟ್ಟರು. ಇಪ್ಪತ್ತೆರಡು ನಿಮಿಷ.

ಬಿಲ್ ನೋಡಿ, ಈ ದುಡ್ಡಲ್ಲಿ ನಾನೇ ಹೋಗಿ ನೋಡ್ಕೊಂಡು ಬರ್ತಿದ್ದೆ ಅಂತ ಅಮ್ಮ ಈಗಲೂ ಹಂಗಿಸುತ್ತಾರೆ. ಊರಿಗೆ ಬಂದ ಅಪ್ಪ ಅದನ್ನು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದಾರೆ.

ನಿಮ್ಮ ಮನೆಯಿಂದ ಯಾರಾದರೂ ಹೊರದೇಶಕ್ಕೆ ಹೊರಟಿದ್ದರೆ ವಾಯ್ಸ್‌ಮೇಲ್ ತೆಗೆಸಿ. ಅಲ್ಲಿ ಗಡಿಯಾರ ಯಾವಾಗ ತಿರುಗುತ್ತೆ ಅಂತಲೂ ಕೇಳಿಕೊಳ್ಳಿ.

ಆ ಭಾನುವಾರದ ಮಾರನೇ ದಿನ ನಾನು ಕ್ಲಾಸಿನಲ್ಲಿದ್ದೆ. ಸರಿಯಾಗಿ ಹತ್ತೂವರೆಗೆ ಜೇಬಿನಲ್ಲಿ ಫೋನ್ ಒಂದು ಸಲ ನಡುಗಿ ನಿಂತಿತು. ಒಂದು ನಿಮಿಷ ಬಿಟ್ಟು, ಇನ್ನೊಂದು ಸಲ.

ನಮ್ಮ ತೀರ್ಮಾನದಲ್ಲಿ ಎರಡನೇ ರಿಂಗ್ ಇರಲೇ ಇಲ್ಲ… ನಿಮ್ಮ ಮನೆಯಲ್ಲಿ ಅದಕ್ಕೆ ಏನಂತಾರೆ?