ಚೀಟಿಯಲ್ಲಿ ಏನೂ ಬರೆಯದವರು

2017ರ ಚಳಿಗಾಲದಲ್ಲಿ ನಮ್ಮ ಓದುಗರ ಗುಂಪು ಒಂದು ಕೊಲೆ ಮೊಕದ್ದಮೆಯ ಕಾದಂಬರಿ ಓದಿತು. ಗುಂಪು ಅಂದರೆ ಪರದೇಶದಲ್ಲಿ ನೆಲೆಸಿದ ಆರೇ ಜನ ಕನ್ನಡಿಗರು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ನಾರ್ತ್ ಯಾರ್ಕಿನಲ್ಲಿ, ಧಾರವಾಡದಲ್ಲಿ ಹಿಂದೆ ಟೀಚರಾಗಿದ್ದ ಒಬ್ಬರ ಅಪಾರ್ಟ್‌ಮೆಂಟಿನಲ್ಲಿ ಸೇರುತ್ತಿದ್ದೆವು. ಪುಸ್ತಕ ಇಂಗ್ಲಿಷಿನದು, ಜಗಳ ಕನ್ನಡದ್ದು.

ಕಥೆ ಸರಳ. ಔಷಧಿ ಅಂಗಡಿಯವನೊಬ್ಬನ ಮೇಲೆ ತನ್ನ ಪಾಲುದಾರನನ್ನು ಕೊಂದ ಆರೋಪ. ಅವನ ವಕೀಲೆ ಒಂದೊಂದೇ ಸಾಕ್ಷಿಯನ್ನು ಸಡಿಲಗೊಳಿಸುತ್ತಾಳೆ, ತೀರ್ಪು ಹೇಳಲು ಕೂತ ಜ್ಯೂರಿಯ ಹನ್ನೆರಡು ಮಂದಿ ಜನಸಾಮಾನ್ಯರು ಅವನನ್ನು ಬಿಟ್ಟುಬಿಡುತ್ತಾರೆ. ಕೊಂದದ್ದು ಅವನೇ, ವಕೀಲೆಗೂ ಅದು ಗೊತ್ತಿತ್ತು ಎಂದು ಕೊನೆಯ ಪುಟದಲ್ಲಿ ನಮಗೆ ಮಾತ್ರ ತಿಳಿಯುತ್ತದೆ.

"ನಾನು ಎಂಬತ್ತನೇ ಪೇಜಲ್ಲೇ ಗೆಸ್ ಮಾಡಿದ್ದೆ," ಎಂದರು ಬೆಂಗಳೂರಿನ ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಹುಡುಕುವುದೇ ಅವರ ಕೆಲಸ. "ಅಂಗಡಿ ಶಟರ್ ಟೈಮಿಂಗ್ ಮ್ಯಾಚೇ ಆಗಲ್ಲ. ಆ ಜ್ಯೂರಿಯವರು ದಡ್ಡರು ಕಣ್ರೀ."

ಟೀಚರಮ್ಮನಿಗೆ ಸಿಟ್ಟು ಬಂದಿದ್ದು ವಕೀಲೆಯ ಮೇಲೆ. "ಅಲ್ರೀ, ಗೊತ್ತಿದ್ದೂ ಗೊತ್ತಿದ್ದೂ ಬಿಡಿಸಿದಳಲ್ಲ ಆಕಿ! ಮನೀಗೆ ಹೋಗಿ ಊಟ ಹ್ಯಾಂಗ ಸೇರ್ತದ?"

ನನಗೆ ಪುಸ್ತಕ ಬಹಳ ಹಿಡಿಸಿತ್ತು. ಸಬ್‌ವೇಯಲ್ಲಿ ಓದುತ್ತ ಎರಡು ಸಲ ನನ್ನ ಸ್ಟೇಷನ್ ದಾಟಿ ಹೋಗಿದ್ದೆ. ಹಾಗೆಂದು ಹೇಳಿ ಎಲ್ಲರನ್ನೂ ನಗಿಸಿದೆ.

ಆಮೇಲೆ ಟೀಚರಮ್ಮ ಚೀಟಿ ಹಂಚಿದರು. ಕೊನೆಯ ಪುಟ ಮರೆತು, ಕೋರ್ಟಿನಲ್ಲಿ ಹೇಳಿದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದು, ನೀವು ಜ್ಯೂರಿಯಲ್ಲಿದ್ದರೆ ಏನನ್ನುತ್ತಿದ್ದಿರಿ ಎಂದು ಬರೆಯಬೇಕು. ಬಿಡಿಸಿ ನೋಡಿದರೆ ಮೂರು ಅಪರಾಧಿ, ಎರಡು ನಿರಪರಾಧಿ, ಒಂದು ಖಾಲಿ. ಖಾಲಿ ಚೀಟಿ ಯಾರದೆಂದು ನನಗೆ ಗೊತ್ತಿತ್ತು. ಪೆನ್ನು ಮುಟ್ಟದೆ ಮಡಚಿದವರು ನನ್ನ ಪಕ್ಕದಲ್ಲೇ ಕೂತಿದ್ದರು.

ಅವರು ಬೆಳಗಾವಿಯ ಕಡೆಯವರು. ವುಡ್‌ಬ್ರಿಡ್ಜಿನಲ್ಲಿ ಬ್ರೆಡ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಅವರು ಮಾತು ಕಡಿಮೆ ಆಡಿದರೂ ಪುಸ್ತಕವನ್ನು ಅರ್ಧಕ್ಕೆ ಬಿಟ್ಟವರಲ್ಲ. ಹಾಗಾದರೆ ಯಾಕೆ ಬರೆಯಲಿಲ್ಲ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನೆಗೆ ಹೊರಟಾಗ ಅವರ ಜೊತೆಗೇ ಇಳಿದು, ಬಸ್ ಸ್ಟಾಪಿನ ಗಾಜಿನ ಗೂಡಿನಲ್ಲಿ ನಿಂತು ಕೇಳಿಯೇಬಿಟ್ಟೆ.

"ನಾ ಒಮ್ಮೆ ಕೂತೀನವಾ," ಎಂದರು.

"ಎಲ್ಲಿ?"

"ಜ್ಯೂರಿಯೊಳಗ. ಕೊಲೀ ಕೇಸ್."

ನನ್ನ ಬಾಯಿಂದ ಒಟ್ಟೊಟ್ಟಿಗೆ ನಾಲ್ಕು ಪ್ರಶ್ನೆ ಹೊರಟವು. ಅಕ್ಕ ಕೈಗವಸಿನ ಕೈ ಎತ್ತಿ ತಡೆದರು. ಜ್ಯೂರಿಯ ಕೋಣೆಯೊಳಗೆ ಆಡಿದ ಮಾತನ್ನು ಹೊರಗೆ ಹೇಳಿದರೆ ಇಲ್ಲಿ ಅಪರಾಧ. ಗಂಡನಿಗೂ ಹೇಳಿಲ್ಲ, ಸಾಯುವ ತನಕ ಹೇಳುವ ಹಾಗಿಲ್ಲ ಎಂದರು. ಕೋರ್ಟಿನಲ್ಲಿ ಎಲ್ಲರೆದುರು ನಡೆದದ್ದನ್ನು ಮಾತ್ರ ಹೇಳಬಹುದು.

ಅದನ್ನೇ ಹೇಳಿದರು. ಸಿಟಿಜನ್‌ಶಿಪ್ ಸಿಕ್ಕ ಎರಡು ವರ್ಷಕ್ಕೆ, ಜ್ಯೂರಿಗೆ ಬರಬೇಕೆಂದು ಕೋರ್ಟಿನಿಂದ ಕಾಗದ ಬಂತು. "ನನ್ನ ಇಂಗ್ಲಿಷ್ ಕೇಳಿ ವಾಪಸ್ ಕಳಸ್ತಾರ ಅನ್ಕೊಂಡಿದ್ದೆ. ಕಳಸಲಿಲ್ಲ." ಆರಿಸುವಾಗ ಅವರನ್ನು ಮುಂದೆ ನಿಲ್ಲಿಸಿದರು. ಆರೋಪಿಯನ್ನು ನೋಡಿ ಎಂದು ಅಕ್ಕನಿಗೆ, ಅಕ್ಕನನ್ನು ನೋಡು ಎಂದು ಆರೋಪಿಗೆ ಹೇಳಿದರು.

"ಅಂವಾ ನೋಡಿದ. ನಾನೂ ನೋಡಿದೆ. ಎಷ್ಟೊತ್ತು ಅಂತ ಕೇಳಬ್ಯಾಡ. ಮದುವಿಯೊಳಗ ಅಂತರಪಟ ಸರಿಸಿದಾಗ್ಲೂ ನಾ ಯಾರನ್ನೂ ಹಂಗ ನೋಡಿದ್ದಿಲ್ಲ."

ಬಸ್ಸು ಬಂತು, ಅಕ್ಕ ಹತ್ತಲಿಲ್ಲ. ಪುಸ್ತಕ ಹೇಗನ್ನಿಸಿತು ಎಂದು ಕೇಳಿದೆ.

"ಬರದಾಂವ ಶಾಣ್ಯಾ ಅದಾನ. ಆದ್ರ ಅವನ ಜ್ಯೂರಿಯ ಹನ್ನೆರಡು ಮಂದಿಯೊಳಗ ಒಬ್ಬರಿಗೂ ಕೂತಲ್ಲೆ ತೂಕಡಿಕಿ ಬರಂಗಿಲ್ಲ, ಒಬ್ಬರ ಮನ್ಯಾಗೂ ಕೂಸಿಗೆ ಜ್ವರ ಬರಂಗಿಲ್ಲ. ಮತ್ತ ಆ ಕಡೀ ಪುಟ ಐತೆಲ್ಲ, ಅದನ್ನ ನಮಗ ಯಾರೂ ಕೊಡಂಗಿಲ್ಲವಾ. ಹೌದು ಅಥವಾ ಅಲ್ಲ ಅಂತ ಹೇಳಿ, ಕೋಟು ಹಾಕ್ಕೊಂಡು ಮನೀಗೆ ಬರೂದು. ಸೋಮವಾರ ಮತ್ತ ಬ್ರೆಡ್."

ಮುಂದಿನ ಬಸ್ಸಿನಲ್ಲಿ ಅವರು ಹೋದರು. ಆ ಸಂಜೆ ನಾನು ಕಂಪ್ಯೂಟರ್ ಮುಂದೆ ಕೂತು ಹುಡುಕಲು ಹೋದದ್ದು ನಿಜ. ಅಕ್ಕ ಹೇಳಿದ್ದ ಕೋರ್ಟಿನ ಊರು, ಕೊಲೆ ಎಂಬ ಪದ, ಇಷ್ಟು ಬರೆದ ಮೇಲೆ ಮುಂದೇನು ಬರೆಯಬೇಕೋ ತಿಳಿಯಲಿಲ್ಲ. ಅಕ್ಕ ಆರೋಪಿಯ ಹೆಸರಾಗಲಿ ವರ್ಷವಾಗಲಿ ಹೇಳಿರಲೇ ಇಲ್ಲ. ನಾಚಿಕೆಯಾಗಿ ಕಂಪ್ಯೂಟರ್ ಮುಚ್ಚಿದೆ.

ಮುಂದಿನ ತಿಂಗಳು ನಾನು ಬಾಯಿ ಬಿಡಲಿಲ್ಲ. ಹೊಸ ಪುಸ್ತಕದ ಮಾತು ಮುಗಿದ ಮೇಲೆ ಅಕ್ಕನೇ, ಹೋದ ಸಲ ಜ್ಯೂರಿಯವರು ದಡ್ಡರು ಎಂದ ಟೆಸ್ಟರ್ ಕಡೆ ತಿರುಗಿ, "ಆ ದಡ್ಡರೊಳಗ ನಾನೂ ಒಬ್ಬಾಕಿರಿ," ಎಂದು ಶುರು ಮಾಡಿದರು. ಟೀಚರಮ್ಮ ಚಹಾದ ತಟ್ಟೆ ಹಿಡಿದುಕೊಂಡೇ ನಿಂತರು. ಪ್ರಶ್ನೆಗಳು ಮುಗಿಯಲೇ ಇಲ್ಲ: ಊಟ ಕೊಡುತ್ತಿದ್ದರಾ, ಜಡ್ಜ್ ಬೈಯುತ್ತಿದ್ದರಾ, ಅರ್ಥವಾಗದಿದ್ದರೆ ಏನು ಮಾಡಿದಿರಿ? ಹೇಳಬಹುದಾದದ್ದನ್ನು ಅಕ್ಕ ಹೇಳಿದರು, ಉಳಿದದ್ದಕ್ಕೆ ಇಲ್ಲವೆಂದು ತಲೆಯಾಡಿಸಿದರು.

"ಕೊನೆಗೆ ತೀರ್ಪು ಏನಾಯ್ತು?" ಟೆಸ್ಟರ್ ಕೇಳಿದರು.

"ಅದು ಪೇಪರಿನ್ಯಾಗ ಬಂದೈತ್ರೀ, ಹೇಳಬಹುದು. ಹೇಳಿದ್ರ ಮುಂದ, ನೀವು ಹಂಗ್ಯಾಕ ಅಂದ್ರಿ ಅಂತ ಕೇಳ್ತೀರಿ. ಅದಕ್ಕ ಹೇಳಂಗಿಲ್ಲ."

ಟೆಸ್ಟರ್ ವಾದ ಮಾಡಲಿಲ್ಲ. ಮೆಲ್ಲಗೆ, "ಆ ಮನುಷ್ಯನ ಮುಖ ಇನ್ನೂ ನೆನಪಿದೆಯಾ ನಿಮಗೆ?" ಎಂದರು.

"ಐತಿ. ಎಡಗಡೆ ಹುಬ್ಬಿನ ಮ್ಯಾಲ ಸಣ್ಣ ಮಚ್ಚಿ," ಎಂದರು ಅಕ್ಕ. ಹೇಳುತ್ತ ತಮ್ಮ ಹುಬ್ಬಿನ ಮೇಲೇ ಬೆರಳಿಟ್ಟು ತೋರಿಸಿದರು.