ಬೆನ್ನ ಹಿಂದಿನ ನಾಲ್ಕು ಬೆರಳು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮಷೀನುಗಳು ಕೆಟ್ಟು ನಿಂತರೆ ಹುಲುಗೇಶನಿಗೆ ಫೋನು ಬರುತ್ತಿತ್ತು. ಅವನು ಕುರುಗೋಡಿನವನು. ಮೀಸೆ ಮೂಡುವ ಹೊತ್ತಿಗೆ ಈ ಊರಿಗೆ ಬಂದು, ಸೂಜಿ, ಬೆಲ್ಟು, ಸ್ಪ್ರಿಂಗುಗಳ ನಡುವೆಯೇ ನಡುವಯಸ್ಸು ಮುಟ್ಟಿದವನು. ಒಮ್ಮೆ ಒಂದು ಮಷೀನಿನ ಸೂಜಿ ಅವನ ಎಡಗೈ ತೋರುಬೆರಳಿನ ಗೆಣ್ಣಿಗೇ ಇಳಿದುಬಿಟ್ಟಿತು. ಗಾಯವೇನೋ ಮಾಗಿತು, ಬೆರಳಿಗೆ ಮೊದಲಿನ ಕಸುವು ಬರಲಿಲ್ಲ. ರಿಪೇರಿ ಕೆಲಸಕ್ಕೆ ಅದರಿಂದ ಅಂಥ ತೊಂದರೆಯಾಗಲಿಲ್ಲ. ಪೆಟ್ಟು ಬಿದ್ದದ್ದು ಗಿಟಾರಿಗೆ.

ಗಿಟಾರನ್ನು ಅವನು ಹರೆಯದಲ್ಲಿ ಮದುವೆ ಆರ್ಕೆಸ್ಟ್ರಾದವರ ಜೊತೆ ತಿರುಗಿ ಕಲಿತಿದ್ದ. ಹಾಡುವವರ ಶ್ರುತಿ ಏರಿದರೆ ಗಿಟಾರಿನವನು ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಅದು ಅವನಿಂದ ಆಗದಾಯಿತು. ಆಗ ಕೈ ಹಿಡಿದದ್ದು ಕೇಪೋ. ಗಿಟಾರಿನ ಕುತ್ತಿಗೆಗೆ ಕಚ್ಚಿಸುವ ಒಂದು ಸಣ್ಣ ಹಿಡಿಕೆ ಅದು. ಕುತ್ತಿಗೆಯ ಮೇಲೆ ಲೋಹದ ಕಡ್ಡಿಗಳ ನಡುವೆ ಮನೆಗಳಿರುತ್ತವಲ್ಲ, ಎರಡನೇ ಮನೆಯಲ್ಲಿ ಕಚ್ಚಿಸಿದರೆ ಒಂದು ಶ್ರುತಿ, ನಾಲ್ಕನೆಯದರಲ್ಲಿ ಅದಕ್ಕಿಂತ ಮೇಲಿನ ಶ್ರುತಿ. ಬೆರಳು ಮಾಡಬೇಕಾದ್ದನ್ನು ಅದು ಮಾಡುತ್ತದೆ, ದಣಿಯುವುದಿಲ್ಲ.

ಈಗ ಅವನಿದ್ದ ಹಾಡಿನ ಮೇಳದಲ್ಲಿ ಇದ್ದದ್ದು ಮೂವರು. ಹಾಡುವವಳು ನಾಗಲಕ್ಷ್ಮಿ, ಸಿರುಗುಪ್ಪದಲ್ಲಿ ಅಂಗನವಾಡಿ ನಡೆಸುವವಳು. ತಬಲಾ ಹಂಪೇಶನದು, ಓಡಾಡುವ ಆಟೊ ಕೂಡ ಅವನದೇ. ತೊಟ್ಟಿಲು, ಸೀಮಂತ, ಗೃಹಪ್ರವೇಶ ಎಂದು ಕರೆದವರ ಮನೆಗೆ ಹೋಗಿ ದೇವರ ಪದ, ಜೋಗುಳ ಹಾಡಿ ಬರುತ್ತಿದ್ದರು. ನಾಗಲಕ್ಷ್ಮಿ ಮುಂದೆ ನಿಲ್ಲುವಳು, ಹುಲುಗೇಶ ಅವಳ ಹಿಂದೆ ಜಮಖಾನದ ಮೇಲೆ ಕೂರುವನು. ಹಾಡು ಬದಲಾಗುವಾಗ ಅವಳು ಎಡಗೈಯನ್ನು ಬೆನ್ನ ಹಿಂದೆ ತಂದು ಬೆರಳು ತೋರಿಸುವಳು. ಎರಡು ಬೆರಳೆಂದರೆ ಎರಡನೇ ಮನೆ, ಮುಷ್ಟಿಯೆಂದರೆ ಕೇಪೋ ತೆಗೆಯಬೇಕು. ಹೆಚ್ಚುಪಾಲು ಎರಡೇ. ಅವಳಿಗೆ ಕಲಿಸಿದ ಮೇಷ್ಟ್ರು ಹಾರ್ಮೋನಿಯಂ ಮೇಲೆ ಗೊತ್ತು ಮಾಡಿಕೊಟ್ಟಿದ್ದ ಶ್ರುತಿ ಅದು.

ಹೋದ ಬೇಸಿಗೆಯಲ್ಲಿ ಅವನ ಹಳೆಯ ಕೇಪೋ ಸೋತುಹೋಯಿತು. ಅದು ಎಲಾಸ್ಟಿಕ್ ಪಟ್ಟಿಯದು. ಪಟ್ಟಿ ಸಡಿಲಾಗಿ ದಪ್ಪ ತಂತಿ ಜೇನುಹುಳದ ಹಾಗೆ ಗುಂಯ್‌ಗುಡತೊಡಗಿತ್ತು. ಗಿಟಾರನ್ನೂ ಹೆಗಲಿಗೇರಿಸಿಕೊಂಡು ಬ್ರೂಸ್‌ಪೇಟೆಯ ವಾದ್ಯದ ಅಂಗಡಿಗೆ ಹೋದ. ಅಂಗಡಿಯ ದೊಡ್ಡಬಸವರಾಜ ಹಳೆಯ ಪರಿಚಯದವನು.

"ಕಡಿಮಿ ದರದಾಗ ಚಲೋದು ಯಾವುದೈತಿ ತೋರ್ಸು. ಹೊಳಪು ನನಗ ಬ್ಯಾಡ," ಎಂದ ಹುಲುಗೇಶ.

ದೊಡ್ಡಬಸವರಾಜ ನಾಲ್ಕಾರು ತೆಗೆದು ಗಾಜಿನ ಮೇಲೆ ಹರವಿದ. ಮೊದಲನೆಯದು ತಿರುಪಿನದು. ಹಿಡಿತ ನಮಗೆ ಬೇಕಾದಷ್ಟೇ ಬಿಗಿ ಮಾಡಬಹುದು, ಆದರೆ ಹಾಡಿನ ನಡುವೆ ತಿರುಪುತ್ತ ಕೂರುವುದಕ್ಕೆ ಪುರಸೊತ್ತು ಎಲ್ಲಿ? ಇನ್ನೊಂದರ ರಬ್ಬರು ಚಪ್ಪಟೆಯಾಗಿತ್ತು. ಅವನ ಗಿಟಾರಿನ ಕುತ್ತಿಗೆ ಕೊಂಚ ಉಬ್ಬಿದ್ದರಿಂದ ನಡುವಿನ ತಂತಿಗಳಷ್ಟೇ ಒತ್ತಿ ಅಂಚಿನವು ಸತ್ತುಹೋದವು. ಮೂರನೆಯದರ ಸ್ಪ್ರಿಂಗು ಭಾರಿ ಬಿರುಸು. ಕಚ್ಚಿಸಿದೊಡನೆ ತಂತಿಗಳು ಜಗ್ಗಿ ಸ್ವರ ಮೇಲಕ್ಕೆ ಸರಿಯಿತು. ಕೊನೆಗೆ ಬಣ್ಣ ಅಲ್ಲಲ್ಲಿ ಎದ್ದಿದ್ದ ಒಂದು ಕಪ್ಪು ಕೇಪೋ ಕೈಗೆತ್ತಿಕೊಂಡ. ಸ್ಪ್ರಿಂಗು ಹದವಾಗಿತ್ತು, ರಬ್ಬರು ಮೆತ್ತಗೆ, ಸ್ವಲ್ಪ ಬಾಗಿತ್ತು. ಕಡ್ಡಿಯ ಮೇಲಲ್ಲ, ಮನೆಯ ನಡುವೆಯೂ ಅಲ್ಲ, ಕಡ್ಡಿಗೆ ತಾಗುವಷ್ಟು ಹತ್ತಿರ, ಅದರ ಹಿಂದೆ ಇಟ್ಟು ಒಂದೊಂದೇ ತಂತಿ ಮೀಟಿದ. ಆರೂ ತಿಳಿಯಾಗಿ ನುಡಿದವು.

"ಇದ ಇರ್ಲಿ," ಎಂದ.

"ಬಾರ್ಸೋದು ಮುಗಿದ ಮ್ಯಾಲ ತೆಗೆದಿಡು ಮತ್ತ. ಹಂಗ ಬಿಟ್ರ ರಬ್ಬರಿಗೆ ತಂತಿ ಗೀರು ಬೀಳ್ತಾವ," ಎಂದ ದೊಡ್ಡಬಸವರಾಜ.

ಆ ವಾರವೇ ಮೋಕದಲ್ಲಿ ಒಂದು ಗೃಹಪ್ರವೇಶ. ಸುಣ್ಣದ ವಾಸನೆ ಇನ್ನೂ ಆರದ ಪಡಸಾಲೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಂದೆರಡು ಹಾಡು ಎಂದಿನಂತೆ ಎರಡನೇ ಮನೆಯಲ್ಲಿ ಮುಗಿದವು. ಮುಂದಿನದಕ್ಕೆ ಮೊದಲು ನಾಗಲಕ್ಷ್ಮಿಯ ಬೆನ್ನ ಹಿಂದೆ, ಸೆರಗಿನ ಪಕ್ಕ, ನಾಲ್ಕು ಬೆರಳು ಕಂಡವು. ಹುಲುಗೇಶ ಕೇಪೋ ಕಿತ್ತು ನಾಲ್ಕನೇ ಮನೆಗೆ ಹಾಕಿ, ಮೀಟಿದ. ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಹಾಡು ಶುರು ಮಾಡಿದಳು.

ಆ ಧ್ವನಿಯನ್ನು ಅವನು ಅದುವರೆಗೆ ಕೇಳಿರಲಿಲ್ಲ. ಎಷ್ಟೋ ವರ್ಷ ತಗ್ಗಿ ನಡೆದವಳು ಸೆಟೆದು ನಿಂತ ಹಾಗಿತ್ತು. ಅಡಿಗೆಮನೆಯಿಂದ ಹೆಂಗಸರು ಕೈಯಲ್ಲಿ ಲಟ್ಟಣಿಗೆ ಹಿಡಿದೇ ಬಂದು ಬಾಗಿಲಲ್ಲಿ ನಿಂತರು.

"ನಾಕಕ್ಕ ಯಾಕ ಏರಿಸಿದ್ರಿ?" ಎಂದಳು ನಾಗಲಕ್ಷ್ಮಿ, ಎಲ್ಲ ಮುಗಿದ ಮೇಲೆ.

"ನೀವ ತೋರ್ಸಿದ್ರಲ್ರೀ."

"ನಾ ತೋರ್ಸಿಲ್ಲ."

"ಬಿಸಿಲಿಗೆ ಇಬ್ಬರ ತಲಿನೂ ಕಾದೈತಿ," ಎಂದು ಹಂಪೇಶ ನಕ್ಕ.

ಮರುದಿನ ಮೋಕದವರು ಹಾಡಿನ ವಿಡಿಯೊ ಕಳಿಸಿದ್ದರು. ಹುಲುಗೇಶ ಕಾರ್ಖಾನೆಯಲ್ಲಿ ಮಷೀನಿನ ಮುಂದೆ ಕೂತು ಅದನ್ನು ನೋಡಿದ. ಮುಂದಿನಿಂದ ತೆಗೆದ ವಿಡಿಯೊ. ನಾಗಲಕ್ಷ್ಮಿಯ ಬಲಗೈಯಲ್ಲಿ ಮೈಕು, ಎಡಗೈಯಲ್ಲಿ ಹಾಡಿನ ಸಾಲುಗಳಿದ್ದ ಮೊಬೈಲು. ಆ ಹಾಡಿಗೆ ಮೊದಲು ಅವನು ಬಗ್ಗಿ ಕೇಪೋ ಬದಲಿಸುವುದು ಅವಳ ಪಕ್ಕದಿಂದ ಕಾಣುತ್ತಿತ್ತು. ಆ ಹೊತ್ತಿನಲ್ಲೂ ಅವಳ ಎರಡು ಕೈಗಳೂ ಮುಂದೆಯೇ ಇದ್ದವು. ಹಿಂದಕ್ಕೆ ಎಳೆದು ಮತ್ತೆ ನೋಡಿದ. ಕೈಗಳು ಅಲ್ಲೇ ಇದ್ದವು. ಅವನು ಮೊಬೈಲನ್ನು ಬೋರಲು ಇಟ್ಟ. ಸುತ್ತ ಮಷೀನುಗಳು ಓಡುತ್ತಲೇ ಇದ್ದವು, ನೂಲು ಕಡಿಯುವ ಹೆಂಗಸರು ತಮ್ಮ ಪಾಡಿಗೆ ಮಾತಾಡುತ್ತಿದ್ದರು.

ಯಾರಿಗೂ ಹೇಳಲಿಲ್ಲ. ನಾಗಲಕ್ಷ್ಮಿಗೆ ಮಾತ್ರ, "ಇನ್ಮ್ಯಾಲ ಬೆರಳು ಬ್ಯಾಡ್ರಿ, ಬಾಯಿಲೇ ಹೇಳ್ರಿ. ನನಗ ಕಣ್ಣು ಸರಿ ಕಾಣವಲ್ವು," ಎಂದ. ಅವಳು ಒಪ್ಪಿದಳು. ಕುರುಗೋಡಿನಲ್ಲಿ ಅವನ ನೆಂಟರ ಸೀಮಂತಕ್ಕೆ ಹಾಡಿದಾಗ ಏನೂ ಆಗಲಿಲ್ಲ. ಬಿಸಿಲಿನ ಭ್ರಮೆಯೇ ಇರಬೇಕು ಎಂದುಕೊಂಡು ಅಂದು ಹೊಟ್ಟೆ ತುಂಬ ಉಂಡು ಬಂದ.

ಆಮೇಲೆ ಕೆಂಚನಗುಡ್ಡ. ಗಿಡ್ಡಮ್ಮ ಎಂಬ ಅಜ್ಜಿಯ ಮರಿಮಗುವಿಗೆ ತೊಟ್ಟಿಲು. ಹೊಳೆಯ ಕಡೆಯ ಗಾಳಿ ಚಪ್ಪರದ ಬಟ್ಟೆಯನ್ನು ಎತ್ತಿ ಎತ್ತಿ ಇಳಿಸುತ್ತಿತ್ತು. ನಾಗಲಕ್ಷ್ಮಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿ, "ಎರಡು," ಎಂದಳು. ಅವನು ಕೇಪೋ ಕಚ್ಚಿಸಿ, ತಂತಿ ಸರಿಮಾಡಿಕೊಂಡು ತಲೆ ಎತ್ತಿದ.

ಅವಳ ಬೆನ್ನ ಹಿಂದೆ ಆ ಕೈ ಮತ್ತೆ ಇತ್ತು.

ಈ ಸಲ ಅವನು ಅದನ್ನು ಚೆನ್ನಾಗಿ ನೋಡಿದ. ವಯಸ್ಸಾದ ಹೆಂಗಸಿನ ಕೈ. ಮಣಿಕಟ್ಟಿನ ಮೇಲೆ ಹಸಿರು ಹಚ್ಚೆಯ ಚುಕ್ಕಿಗಳು, ಉಗುರಿನ ಸಂದಿಯಲ್ಲಿ ಅರಿಶಿನ. ಬಳೆ ಇರಲಿಲ್ಲ. ಹೆಬ್ಬೆರಳು ಮಡಚಿತ್ತು, ಉಳಿದ ನಾಲ್ಕು ನೆಟ್ಟಗೆ ನಿಂತಿದ್ದವು. ಅವಸರವಿಲ್ಲದೆ ಕಾಯುತ್ತಿದ್ದವು. ಕೇಪೋ ಮುಟ್ಟಲಿಲ್ಲ, ಎರಡರಲ್ಲೇ ಬಾರಿಸಿದ. ನಾಗಲಕ್ಷ್ಮಿ ಬಾಯಿ ತೆರೆದಳು. ಮೊದಲ ಸಾಲಿಗೇ ಗಂಟಲು ಒಡೆಯಿತು. ಕೆಮ್ಮಿದಳು, ನೀರು ಕುಡಿದಳು, ಮತ್ತೆ ಎತ್ತಿಕೊಂಡಳು. ಮತ್ತೆ ಒಡೆಯಿತು. ಹಂಪೇಶ ತಬಲಾ ನಿಲ್ಲಿಸಿ ಅವನ ಕಡೆ ನೋಡಿದ. ಕೈ ಕದಲಲಿಲ್ಲ. ಸಣ್ಣ ಮಕ್ಕಳನ್ನು ಗದರುವಾಗ ಆಡಿಸುವ ಹಾಗೆ ಬೆರಳುಗಳು ಒಮ್ಮೆ ಅಲುಗಿದವು, ಅಷ್ಟೇ.

ಹುಲುಗೇಶ ಕೇಪೋವನ್ನು ನಾಲ್ಕಕ್ಕೆ ಹಾಕಿದ. ಅದು ಒಮ್ಮೆ ಜಾರಿತು. ಎರಡನೇ ಸಲ ಕಚ್ಚಿತು. ಜೋಗುಳ ಎದ್ದಿತು. ತೊಟ್ಟಿಲಲ್ಲಿ ಅಳುತ್ತಿದ್ದ ಕೂಸು ಸುಮ್ಮನಾಯಿತು. ಅವನು ಕಣ್ಣೆತ್ತಿದಾಗ ಅಲ್ಲಿ ಸೆರಗಿನ ನಿರಿಗೆ ಮಾತ್ರ ಇತ್ತು.

ಊಟಕ್ಕೆ ಕೂರಿಸಿದರು. ಗಿಡ್ಡಮ್ಮ ತಾನೇ ನಿಂತು ಎಲೆ ಹಾಕಿಸಿದಳು. ಮೂವರು ಕೂತರು. ಎಲೆ ನಾಲ್ಕು ಇದ್ದವು.

"ಒಂದು ಹೆಚ್ಚಾತು ನೋಡ್ರಿ ಅವ್ವ," ಎಂದ ಹಂಪೇಶ.

"ಆಕೀನ ಕರೀರಲ್ಲ, ಎಲ್ಲಿ ಹೋದ್ಲು?"

"ಯಾರ್ರಿ?"

"ನಿಮ್ಮ ಕೂಡ ಬಂದಾಕಿ. ಈತನ ಬಾಜೂಕ ಕುಂತಿದ್ಲಲ್ಲಪ," ಎಂದು ಗಿಡ್ಡಮ್ಮ ಹುಲುಗೇಶನ ಎಡಗಡೆ ಕೈ ತೋರಿಸಿದಳು. "ಭುಜಕ್ಕ ಭುಜ ಹಚ್ಚಿ ಕುಂತಿದ್ಲು. ಕೈ ಮುಂದ ಚಾಚಿ ಏನೋ ಹೇಳಿ ಕೊಡಾಕ್ಹತ್ತಿದ್ಲು. ಈತನ ತಾಯಿ ಏನೋ ಅನ್ಕಂಡೆ."

ಹುಲುಗೇಶನ ತಾಯಿ ಕುರುಗೋಡಿನಲ್ಲಿ ಗಟ್ಟಿಮುಟ್ಟಾಗಿದ್ದಳು. ಆಕೆಯ ಮೈಮೇಲೆ ಹಚ್ಚೆ ಇಲ್ಲ, ಹಾಡು ಆಕೆಗೆ ಗೊತ್ತೂ ಇಲ್ಲ. ಇಷ್ಟು ದಿನ ಅವನು ಆ ಕೈಯನ್ನು ನಾಗಲಕ್ಷ್ಮಿಯ ಬೆನ್ನಿಗೆ ಸೇರಿಸಿ ನೋಡಿದ್ದ. ಅದು ತನ್ನ ಮಗ್ಗುಲಿಂದಲೇ ಚಾಚಿರಬಹುದೆಂದು ಹೊಳೆದಿರಲೇ ಇಲ್ಲ. ಅವನು ಕೂತಲ್ಲೇ ಕೊಂಚ ಬಲಕ್ಕೆ ಸರಿದ. ಗಿಡ್ಡಮ್ಮ ನಾಲ್ಕನೇ ಎಲೆಗೂ ಹೋಳಿಗೆ ಬಡಿಸಿ, ತುಪ್ಪ ಹಾಕಿ, ಒಳಗೆ ಹೋದಳು. ಅದನ್ನು ಯಾರೂ ಎತ್ತಲಿಲ್ಲ.

ಸಿರುಗುಪ್ಪದ ದಾರಿಯಲ್ಲಿ, ಗದ್ದೆಗಳ ನಡುವೆ, ಅವನು ನಾಗಲಕ್ಷ್ಮಿಗೆ ಎಲ್ಲವನ್ನೂ ಹೇಳಿದ. ಹಂಪೇಶ ಆಟೊ ನಿಧಾನ ಮಾಡಿ ಕೇಳಿಸಿಕೊಂಡ.

"ಎರಡರಾಗ ನನ್ನ ಗಂಟಲು ನೋಯತಿತ್ರಿ," ಎಂದಳು ಅವಳು. "ಕಲಿಯಾಕ ಹತ್ತಿದಾಗಿಂದ ನೋಯತಿತ್ತು. ಮಾಸ್ತರು ಹೇಳ್ಯಾರ ಅಂತ ಸುಮ್ಮನಿದ್ದೆ. ಯಾರೂ ಕೇಳಿರಲಿಲ್ಲ."

"ಅಂಜಿಕಿ ಆಗವಲ್ದೇನ್ರಿ ನಿಮಗ?" ಎಂದ ಹುಲುಗೇಶ.

"ಆಗತೈತಿ. ಆದ್ರ ನಾಕರಾಗ ಹಾಡ್ತೀನಿ."

ಹುಲುಗೇಶ ಒಂದು ತಿಂಗಳು ಎಲ್ಲಿಗೂ ಹೋಗಲಿಲ್ಲ. ಮಷೀನು ಬಿಚ್ಚುವಾಗಲೂ ಎಡಗಡೆ ಗೋಡೆ ಇರುವ ಜಾಗ ನೋಡಿ ಕೂರುತ್ತಿದ್ದ. ಮತ್ತೆ ಹೋಗತೊಡಗಿದಾಗ ಕೈ ಕಾಣಿಸಲಿಲ್ಲ. ಕೊಳಗಲ್ಲಿನಲ್ಲಿ ಇಲ್ಲ, ಕುರುಗೋಡಿನಲ್ಲಿ ಇಲ್ಲ. ನಾಗಲಕ್ಷ್ಮಿಯ ಹೆಸರು ಸುತ್ತಲ ಊರುಗಳಿಗೆ ಹರಡಿತು, ಸಿಂಧನೂರಿನ ಕಡೆಯಿಂದಲೂ ಕರೆ ಬರತೊಡಗಿತು. ಜಮಖಾನ ಹಾಸುವಾಗ ಅವನು ತನ್ನ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಡುತ್ತಿದ್ದ. ಹಂಪೇಶ ಒಮ್ಮೆ ಅಲ್ಲಿ ತಬಲಾದ ಚೀಲ ಇಟ್ಟ. ಹುಲುಗೇಶ ಅದನ್ನು ಎತ್ತಿ ಬೇರೆ ಕಡೆ ಇಟ್ಟ.

ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಕೂತು ಹೊಸ ಪದವೊಂದನ್ನು ಕಲಿಯುತ್ತಿದ್ದ. ಒಂದು ತಿರುವು ಸರಿಬರಲಿಲ್ಲ. ಬಾರಿಸುವುದು ನಿಲ್ಲಿಸಿ, ಪಕ್ಕಕ್ಕೆ ನೋಡದೆ, "ಇದು ಹೆಂಗ ಬರ್ತೈತ್ರಿ?" ಎಂದು ಮೆಲ್ಲಗೆ ಕೇಳಿದ. ಬೀದಿಯಲ್ಲಿ ತರಕಾರಿಯವನ ಕೂಗು ದೂರವಾಯಿತು. ಫ್ಯಾನು ತಿರುಗುತ್ತಿತ್ತು. ಚಾಪೆಯ ಎಡಭಾಗ ಸ್ವಲ್ಪ ಸದ್ದು ಮಾಡಿತೋ, ಅವನಿಗೇ ಹಾಗೆ ಅನ್ನಿಸಿತೋ. ಅವನು ತಲೆ ಬಗ್ಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ.